ಬೇಚರಾಕ್ ಊರಿನ ಅರವತ್ತಮೂರು ಮಂದಿ

ಬೆಟಗೇರಿಯಲ್ಲಿ ಇನ್ನೂ ನಸುಕು. ಬನಶಂಕರಿ ಒಲೆಯ ಮುಂದೆ ಕುಳಿತು ಗಂಜಿ ತಿರುವುತ್ತಿದ್ದಾರೆ. ಉಣ್ಣುವ ಗಂಜಿ ಅಂದುಕೊಂಡೀರಿ! ಇದು ಹಳೆಯ ಕಾಗದಕ್ಕೆ ಹಚ್ಚುವ ಅಂಟು. ನೇಕಾರರ ಮನೆಯ ಮಗಳು. ಹಾಸುನೂಲಿಗೆ ಗಂಜಿ ಹಾಕಿ ಪಳಗಿದ ಕೈ ಈಗ ಗದಗಿನ ಸರಕಾರಿ ದಫ್ತರ ಖೋಲಿಯಲ್ಲಿ, ಅಂದರೆ ಹಳೆಯ ಕಡತಗಳ ಕೋಣೆಯಲ್ಲಿ, ಹರಿದ ಹಾಳೆಗಳನ್ನು ಉಳಿಸುತ್ತದೆ. ದಿನಕ್ಕೆ ಹನ್ನೆರಡು ಹಾಳೆ, ಮೂವತ್ತೊಂದು ವರ್ಷ. ಆದರೂ ಕೆಲಸ ಖಾಯಂ ಅಲ್ಲ, ವರ್ಷಕ್ಕೊಮ್ಮೆ ಮುಂದುವರಿಕೆಯ ಆದೇಶಕ್ಕೆ ಕಾಯಬೇಕು.

ಅಲ್ಲಿರುವುದು ಇಂಗ್ಲಿಷರ ಕಾಲದ ಧಾರವಾಡ ಜಿಲ್ಲೆಯ ಕಾಗದಪತ್ರ. ಆಗ ಗದಗ ಅದರದೊಂದು ತಾಲೂಕು. ಪಕ್ಕದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ಯಾವ ಊರಲ್ಲಿ ಎಷ್ಟು ಮನೆ, ಎಷ್ಟು ತಲೆ ಎಂದು ಬರೆದಿಟ್ಟ ಖಾನೇಸುಮಾರಿ, ಅಂದರೆ ಜನಗಣತಿಯ ಪುಸ್ತಕಗಳೆಂದರೆ ಬನಶಂಕರಿಗೆ ಪಂಚಪ್ರಾಣ.

ಹೋದ ವರ್ಷ ಮುಂಡರಗಿ ಕಡೆಯ ಗುಬ್ಬಿಕಟ್ಟಿಯಿಂದ ಸುಮಿತ್ರವ್ವ ಬಂದರು. ಮೂವತ್ತೆಂಟು ಮನೆಗಳ ಊರು. ಸರಕಾರದ ಲೆಕ್ಕದಲ್ಲಿ ಮಾತ್ರ ಅದು ಬೇಚರಾಕ್, ಯಾರೂ ವಾಸವಿಲ್ಲದ ಊರು. ಹೀಗಾಗಿ ಒಬ್ಬರಿಗೂ ಮನೆಯ ಹಕ್ಕುಪತ್ರವಿಲ್ಲ. ಹಿಂದಿನಿಂದಲೂ ಜನ ಇದ್ದರೆಂಬ ಪುರಾವೆ ತನ್ನಿ ಎಂದು ಕಚೇರಿ ಹೇಳಿತ್ತು.

“ಎದುರಿಗೆ ನಿಂತೇನಿ, ಆದ್ರೂ ಇಲ್ಲ ಅಂತಾರವ್ವಾ,” ಎಂದು ಸುಮಿತ್ರವ್ವ ಕಣ್ಣೀರು ಹಾಕಿದರು.

ಬನಶಂಕರಿ ಆ ಭಾಗದ ಖಾನೇಸುಮಾರಿ ಪುಸ್ತಕ ತೆಗೆದರು. ನಲವತ್ತೊಂದನೇ ಹಾಳೆ ಬೆರಳಿಗೆ ದಪ್ಪ ಹತ್ತಿತು. ಗುಬ್ಬಿಕಟ್ಟಿ ಇರಬೇಕಾದ ನಲವತ್ತೆರಡನೆಯದು ಅದಕ್ಕೆ ಬೋರಲಾಗಿ ಅಂಟಿಕೊಂಡಿತ್ತು. ಗಂಜಿಯ ಕಲೆ ನೋಡಿದ್ದೇ ಅವರಿಗೆ ಗುರುತು ಸಿಕ್ಕಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನೂಲಿಗೆ ಹಾಕುವಂಥ ಮಂದ ಗಂಜಿ ಬಳಿದವರು ಅವರೇ. ಹಸಿ ಹಾಳೆಗಳ ನಡುವೆ ಒಣ ಕಾಗದ ಇಡುವುದನ್ನು ಮರೆತಿದ್ದರು.

ಗುಮಾಸ್ತ ಸೋಮೇಶ ಹಿತವನ್ನೇ ಹೇಳಿದರು: ಬಿಡಿಸಲು ಹೋಗಿ ಹರಿದರೆ ಇದ್ದದ್ದೂ ಹೋದೀತು, ತಪ್ಪು ನಿಮ್ಮದೆಂದು ಗೊತ್ತಾದರೆ ಈ ಸಲದ ಆದೇಶ ಬಾರದು, ಸುಮ್ಮನಿದ್ದುಬಿಡಿ. ಸುಮ್ಮನಿರುವ ಹೆಂಗಸೇ ಇವರು? ತಪ್ಪನ್ನು ಬರೆದು, ಸಹಿ ಮಾಡಿ, ಸಾಹೇಬರ ಮೇಜಿನ ಮೇಲಿಟ್ಟು ಒಪ್ಪಿಗೆ ಪಡೆದರು. ಒದ್ದೆ ಬಟ್ಟೆ, ಬಿಸಿ ಹಬೆ, ಬಿದಿರಿನ ಸೀಳು. ಬೆರಳಗಲ ಬಿಡಿಸಲು ಅರ್ಧ ದಿನ ಹಿಡಿಯಿತು. ಮೂರನೇ ದಿನ ಮಸಿಯ ಅಕ್ಷರ ಕಂಡವು: ಗುಬ್ಬಿಕಟ್ಟಿ, ಮನೆ ಹನ್ನೊಂದು, ಜನ ಅರವತ್ತಮೂರು. ಓದಿ ಹೇಳಿದಾಗ ಸುಮಿತ್ರವ್ವ ಆ ಹಾಳೆಗೆ ಕೈಮುಗಿದರು.

ಈ ವರ್ಷ ಗುಬ್ಬಿಕಟ್ಟಿ ಸರಕಾರದ ಲೆಕ್ಕದಲ್ಲೂ ಜನವಸತಿಯ ಕಂದಾಯ ಗ್ರಾಮವಾಗಿದೆ. ಬನಶಂಕರಿಯವರ ಕೆಲಸವೂ ಉಳಿದಿದೆ, ಆದರೆ ಆದೇಶದಲ್ಲಿ ಎಂದಿನಂತೆ ಹೆಸರಿಲ್ಲ, ‘ರಟ್ಟು ಕಟ್ಟುವವರು ಒಬ್ಬರು’ ಎಂದಷ್ಟೇ. ಹೆಸರು ಹಿಡಿದು ಬಂದದ್ದು ಎಚ್ಚರಿಕೆಯ ನೋಟಿಸು. ಭಲೇ ಬಹುಮಾನ! ಸಾಹೇಬರನ್ನು ಕೇಳಿ ಅದನ್ನು ತೆಗೆಸಿಬಿಡುತ್ತೇನೆ ಎಂದು ಸೋಮೇಶ ಮುಂದಾದರೆ ಇವರು ಬೇಡವೆಂದರಂತೆ.

“ಇರ್ಲಿ ಬಿಡ್ರಿ,” ಎನ್ನುತ್ತಾರೆ ಬನಶಂಕರಿ. “ಇಷ್ಟು ದೊಡ್ಡ ದಫ್ತರದಾಗ ನನ್ನ ಹೆಸರಿರೋ ಫೈಲು ಅದೊಂದ ಐತಿ. ನೂರು ವರ್ಷದ ಮ್ಯಾಲೆ ಯಾರರ ತಗದು ಓದಿದ್ರ, ಬನಶಂಕರಿ ಅನ್ನಾಕಿ ತಪ್ಪು ಮಾಡಿದ್ಲು, ತಾನ ಒಪ್ಕೊಂಡ್ಲು, ಅದಕ್ಕ ಒಂದೂರು ಸಿಕ್ತು ಅಂತ ತಿಳೀಲಿ.”