ಹೆಸರು ಹಿಡಿದು ಅತ್ತವಳು

ಮೊನ್ನೆ ಭಾನುವಾರ ಮಧ್ಯಾಹ್ನ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಮಗಳು ನೋಡುತ್ತಿದ್ದ ಟಿವಿಯಿಂದ ಮೊದಲು ಡೋಲು, ಅದರ ಬೆನ್ನಿಗೇ ಕೊರಗುವ ಪಿಟೀಲು ಕೇಳಿಸಿತು. ಎಷ್ಟೋ ವರ್ಷದ ಹಿಂದಿನ ಧಾರಾವಾಹಿಯ ಮರುಪ್ರಸಾರ. ಆ ಪಿಟೀಲಿಗೂ ನನಗೂ ಹಳೆಯ ಹಗೆ. ಸೌಟು ಹಿಡಿದುಕೊಂಡೇ ಓಡಿದೆ.

ಪಿಟೀಲಿನ ಮೇಲೆಂಥ ಹಗೆ ಎನ್ನುತ್ತೀರಾ? ಹಾಗಾದರೆ ಆಗ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ನಮ್ಮ ಮೇಲಿನ ಫ್ಲಾಟಿನಲ್ಲಿದ್ದ ಅಬೆನಾಳನ್ನು ನೀವು ಬಲ್ಲವರಾಗಬೇಕು. ಘಾನಾದ ಕುಮಾಸಿ ಪಟ್ಟಣದವಳು, ವಕೀಲರ ಮಗಳು. ಜಿಪಿ, ಅಂದರೆ ಬಡಾವಣೆಯ ಡಾಕ್ಟರರ ಬಳಿ ರಿಸೆಪ್ಶನಿಸ್ಟ್ ಆಗಿದ್ದಳು. ರಜೆ ಸಿಕ್ಕರೆ ಟಿವಿ ಧಾರಾವಾಹಿಗಳ ಗುಂಪಿನ ದೃಶ್ಯಗಳಲ್ಲಿ ನಿಂತು ಬರುತ್ತಿದ್ದಳು. ಸಿಗುತ್ತಿದ್ದದ್ದು ಒಂದೇ ಪಾತ್ರ, ಆಫ್ರಿಕಾದ ಹಳ್ಳಿಯಲ್ಲಿ ಅಳುವ ಹೆಂಗಸು. ಯಾವ ದೇಶವೆಂದು ಕೇಳಿದರೆ "ಆಫ್ರಿಕಾ" ಅನ್ನುತ್ತಿದ್ದರಂತೆ. ಲಂಡನ್ನಿನ ಹೊರಗೆ ಮರಳು ತೆಗೆದ ಗುಂಡಿಯಲ್ಲಿ ದೊಡ್ಡ ದೀಪ ಹಚ್ಚಿ ಸುಡುಬಿಸಿಲು ತಯಾರಿಸುತ್ತಿದ್ದರು. ಇವಳು ಒಳಗೆ ಬೆಚ್ಚನೆಯ ಥರ್ಮಲ್ ಬಟ್ಟೆ ತೊಟ್ಟು, ಮುಖಕ್ಕೆ ಧೂಳು ಬಳಿಸಿಕೊಂಡು, ಚಳಿಗೆ ನಡುಗುತ್ತಾ ಅಳುವಳು. ಸಂಜೆ ನೇರ ನಮ್ಮ ಮನೆಗೆ. "ಇವತ್ತೂ ನನ್ನ ಹಳ್ಳಿ ಸುಟ್ಟುಹೋಯಿತು, ಒಂದು ಕಪ್ ಚಹಾ ಕೊಡು!"

ಒಮ್ಮೆ ಕುಣಿದುಕೊಂಡೇ ಬಂದಳು. ಕ್ಯಾಮೆರಾ ಅವಳೊಬ್ಬಳ ಮೇಲೇ ಇರುತ್ತದಂತೆ! ಚುನಾವಣೆ ಗಲಭೆಯಲ್ಲಿ ಸತ್ತ ಗಂಡನ ಮುಂದೆ ಕೂತು ಅಳಬೇಕು.

ವಿಜಯಪುರದ ನಮ್ಮತ್ತೆ ಕಾಳು ಆರಿಸುತ್ತಾ ಕೇಳಿದರು, "ಸತ್ತಾಂವ ಯಾರು? ಹೆಸರೇನು ಅವಂದು?"

ನಾನು ದುಭಾಷಿ, ಅಂದರೆ ಇಬ್ಬರಿಗೂ ಅರ್ಧರ್ಧ ಮುಟ್ಟಿಸುವವಳು. ಇದನ್ನು ಮಾತ್ರ ಪೂರ್ತಿ ಮುಟ್ಟಿಸಿದೆ. ಅಬೆನಾ ಬ್ಯಾಗಿನಿಂದ ಹಾಳೆ ತೆಗೆದು ನೋಡಿದಳು. ಅದರಲ್ಲಿ ಇದ್ದದ್ದು "ಹೆಣ" ಅಂತ ಅಷ್ಟೇ.

"ಹೆಸರಿಲ್ಲದಾಂವಗ ಹ್ಯಾಂಗ ಅಳತಿ ಅಬೆನವ್ವಾ? ಹಾಡ್ಯಾಡಿ ಅಳಬೇಕು. ಯಾರ ಮಗ, ಊರಿಗೆ ಏನ್ ಮಾಡಿದ, ಎಲ್ಲಾ ಹೇಳಬೇಕು. ಬರೇ ಹೋ ಅಂತ ಒದರಿದ್ರ ಅದೆಂಥಾ ಅಳು?"

ಅಬೆನಾ ಅತ್ತೆಯ ಕೈ ಹಿಡಿದುಕೊಂಡಳು. ಅವಳ ಅಜ್ಜಿಯೂ ಹಾಗೇ ಅಳುತ್ತಿದ್ದಳಂತೆ, ಸತ್ತವರ ಮನೆತನವನ್ನೆಲ್ಲ ಹೇಳಿಕೊಂಡು. ನನ್ನ ಚಹಾ ಆರುತ್ತಿದ್ದರೂ ಇಬ್ಬರೂ ಬಿಡಲಿಲ್ಲ. ಆ ಹೆಣಕ್ಕೊಂದು ಬದುಕು ಕೊಟ್ಟರು. ಹೆಸರು ಕ್ವಾಮೆ. ಶಾಲೆಯ ಮಾಸ್ತರ. ಮತ ಎಣಿಸಲು ಕೂತಿದ್ದ, ಯಾರು ಬೆದರಿಸಿದರೂ ಸುಳ್ಳು ಲೆಕ್ಕ ಬರೆಯಲಿಲ್ಲ, ಅದಕ್ಕೇ ಕೊಂದರು. ಶೂಟಿಂಗಿನಲ್ಲಿ ಅಬೆನಾ ತನ್ನ ಭಾಷೆಯಲ್ಲಿ ಅಷ್ಟನ್ನೂ ಹಾಡಿ ಅತ್ತಳು. ನಿರ್ದೇಶಕ ಭೇಷ್ ಎಂದನಂತೆ.

ಪ್ರಸಾರದ ದಿನ ಚಕ್ಕುಲಿ ಕರಿದು ಎಲ್ಲರೂ ಟಿವಿ ಮುಂದೆ ಕೂತೆವು. ಅಬೆನಾಳ ಮುಖ ಬಂತು, ತುಟಿಯೂ ಆಡಿತು, ದನಿ ಮಾತ್ರ ಇಲ್ಲ! ಅದರ ಮೇಲೆ ಡೋಲು, ಪಿಟೀಲು. ಅವಳ ಕೈಯ ಚಕ್ಕುಲಿ ಕೈಯಲ್ಲೇ ಉಳಿಯಿತು. ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಆ ಡಬ್ಬಿ ಬಾಯಿ ಮುಚ್ಚಸು," ಎಂದರು ಅತ್ತೆ. "ಅಬೆನವ್ವಾ, ನೀ ಅಳು."

ಮ್ಯೂಟ್ ಒತ್ತಿದೆ. ಅಬೆನಾ ನಮ್ಮ ಕಾರ್ಪೆಟ್ಟಿನ ಮೇಲೆ ಕೂತು ಕ್ವಾಮೆ ಮಾಸ್ತರನಿಗಾಗಿ ಮೊದಲಿನಿಂದ ಕೊನೆಯವರೆಗೆ ಅತ್ತಳು. ಗಾಬರಿಯಾಗಿ ಬಾಗಿಲು ಬಡಿದ ಎದುರುಮನೆಯ ಮುದುಕ, ಯಾರಾದರೂ ತೀರಿಕೊಂಡರೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅತ್ತೆಗೆ ಅದು ಹೇಗೆ ಅರ್ಥವಾಯಿತೋ! "ಹೌದಪ್ಪಾ, ಬಾಳ ಛಲೋ ಮನಷ್ಯಾ. ಒಳಗ ಬಾ," ಎಂದರು. ಆತ ಟೋಪಿ ತೆಗೆದು ಒಳಗೆ ಬಂದು ಕೂತ.

ಅತ್ತೆ ಈಗಿಲ್ಲ. ಅಬೆನಾ ಫೆಲ್ಥಮ್‌ನಲ್ಲಿ ಮಗನ ಮನೆ ಸೇರಿದ್ದಾಳೆ. ಮೊನ್ನೆ ಭಾನುವಾರ ಮ್ಯೂಟ್ ಒತ್ತಲು ಉಳಿದವಳು ನಾನೊಬ್ಬಳೇ. ಒತ್ತಿದೆ. ಮಗಳು ರೇಗಿದಳು. ನಾನು ಕೇಳಿಸಿಕೊಳ್ಳದೆ ಸೌಟು ಹಿಡಿದು ಟಿವಿ ಪಕ್ಕ ನಿಂತೆ. ಅಬೆನಾಳ ತುಟಿ ಆಡಿದಂತೆ ಬಂದಷ್ಟು ಹೇಳಿದೆ, "ನನ್ನ ಕ್ವಾಮೆ, ಶಾಲಿ ಮಾಸ್ತರಾ, ಸುಳ್ಳ ಲೆಕ್ಕಾ ಬರಿಲಿಲ್ಲೋ..." ಹಾಡು ನನಗೆ ಒಲಿದಿಲ್ಲ, ಆದರೂ ನಿಲ್ಲಿಸಲಿಲ್ಲ.

ಒಲೆಯ ಮೇಲೆ ಶೇಂಗಾ ಸೀಯುವ ವಾಸನೆ ಬಂತು. ಮಗಳು ಎದ್ದು ಒಲೆ ಆರಿಸಿ ಬಂದು ನನ್ನ ಪಕ್ಕ ನಿಂತಳು. ಕೇಳಿದ್ದು ಇಂಗ್ಲಿಷಿನಲ್ಲೇ, ಆದರೆ ಅಂದು ಅವಳಜ್ಜಿ ಕೇಳಿದ್ದನ್ನೇ. ಸತ್ತವನು ಯಾರು?

"ಕೂಡು," ಎಂದೆ. "ಹೇಳತೀನಿ."