ಮಧ್ಯಾಹ್ನದ ದನಿ

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಅರ್ಧ ಅವಳ ಹೊಲಿಗೆ ಅಂಗಡಿಯ ದೆಸೆಯಿಂದ, ಇನ್ನರ್ಧ ನಾಲಗೆಯ ದೆಸೆಯಿಂದ. ಲಾರಿ ಓಡಿಸುವ ಗಂಡ ಮನೆಯಲ್ಲಿರುವುದೇ ಅಪರೂಪ. ಇದ್ದವರು ಅವಳು ಮತ್ತು ಅತ್ತೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ, ಅಂಗಡಿಯಿಂದಲೇ ಫೋನಿನಲ್ಲಿ ನೋಡುತ್ತ ಮಾತಾಡಿಸಲೆಂದು ಅವರ ಕೋಣೆಗೆ ಒಂದು ಕ್ಯಾಮೆರಾ ಹಾಕಿಸಿದಳು. ಅದಕ್ಕಾಗಿ ಮನೆಗೆ ಇಂಟರ್ನೆಟ್ ಬಂತು, ಅದರ ಜೊತೆ ಕಂಪನಿಯ ಪುಕ್ಕಟೆ ರೂಟರ್ ಕೂಡ.

"ಪಾಸ್‌ವರ್ಡ್ ಬದಲಾಯಿಸ್ಬೇಕಾ?" ಎಂದು ಕೇಳಿದ್ದಳು.

"ಏನೂ ಮುಟ್ಟಬೇಡಿ ಅಕ್ಕ, ಎಲ್ಲಾ ಕಂಪನಿಯವ್ರೇ ನೋಡ್ಕೋತಾರೆ," ಎಂದಿದ್ದ ಜೋಡಿಸಲು ಬಂದವನು.

ಕೆಲವೇ ವಾರಗಳಲ್ಲಿ ಅತ್ತೆ ಗೆಲುವಾದರು. ತಾವೇ ತಲೆ ಬಾಚಿಕೊಂಡು ಕಿಟಕಿಯ ಬಳಿ ಕೂರತೊಡಗಿದರು.

"ಮಧ್ಯಾಹ್ನ ನಿಮ್ಮ ಮಾವ ಮಾತಾಡಿಸಿದ್ರು ಕಣೇ," ಎಂದರು ಒಂದು ದಿನ.

ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ವಯಸ್ಸಾಯಿತು, ಪಾಪ, ಎಂದುಕೊಂಡಳು ಅವಳು.

ಆಮೇಲೊಮ್ಮೆ ಅಂಗಿಯೊಂದಕ್ಕೆ ಕಾಲರ್ ಕೂರಿಸುತ್ತ ಫೋನ್ ತೆರೆದಳು. ಅತ್ತೆ ಕ್ಯಾಮೆರಾದತ್ತ ಮುಖಮಾಡಿ ನಗುತ್ತಿದ್ದರು. ಸದ್ದು ಜೋರು ಮಾಡಿದಳು. ಗಂಡಸಿನ ದನಿ, ಬಲು ಮೆತ್ತಗೆ:

"ಶಾಲು ಸರಿಯಾಗಿ ಹೊದ್ಕೊಳ್ಳಿ. ಸೊಸೆ ಬರೋದು ಇನ್ನೂ ತಡ."

ಅವಳು ಬಟ್ಟೆಯನ್ನು ಮಿಷನ್ನಿನಲ್ಲೇ ಬಿಟ್ಟು ಮನೆಗೆ ಓಡಿಬಂದು ಕ್ಯಾಮೆರಾದ ವೈರು ಕಿತ್ತೆಸೆದಳು.

"ಅಯ್ಯೋ, ಅವ್ರು ಮಾತು ಮುಗಿಸಿರ್ಲಿಲ್ಲ," ಎಂದರು ಅತ್ತೆ.

ಕಂಪನಿಯಿಂದ ಬಂದವನು ರೂಟರ್ ನೋಡಿ ತಲೆ ಕೆರೆದುಕೊಂಡ. ಈ ಬೀದಿಗೆ ಕೊಟ್ಟ ಡಬ್ಬಿಗಳಿಗೆಲ್ಲ ಒಂದೇ ಪಾಸ್‌ವರ್ಡ್ ಇತ್ತಂತೆ. ಅವು ಬಂದಾಗಿನಿಂದ ಒಂದು ಅಪ್‌ಡೇಟೂ ಆಗಿರಲಿಲ್ಲ. ಯಾರೋ ರೂಟರ್ ಹೊಕ್ಕು, ಅಲ್ಲಿಂದ ಕ್ಯಾಮೆರಾ ಹೊಕ್ಕಿದ್ದ.

"ಯಾರವನು?"

"ಗೊತ್ತಾಗಲ್ಲ ಅಕ್ಕ. ಪಕ್ಕದ ಮನೆಯವ್ನೂ ಇರಬಹುದು, ಎಲ್ಲೋ ದೂರದವ್ನೂ ಇರಬಹುದು."

ಪೊಲೀಸರು ದೂರು ಬರೆದುಕೊಂಡರು. ಯಾರೂ ಸಿಗಲಿಲ್ಲ. ಅವಳು ಕಂಪನಿಯ ಡಬ್ಬಿ ಹಿಂದಿರುಗಿಸಿದಳು. ಆದರೆ ಆ ಕೋಣೆಯಲ್ಲಿ ಅತ್ತೆಗೆ ಬಟ್ಟೆ ಬದಲಿಸಿದ್ದು, ಬೇಜಾರಾದಾಗ ತಾನು ಅತ್ತಿದ್ದು ಎಲ್ಲ ನೆನಪಾಗಿ, ಒಳಗೆ ಹೋದಾಗಲೆಲ್ಲ ಬೆನ್ನಿಗೆ ಯಾರದೋ ಕಣ್ಣು ನೆಟ್ಟಂತಾಗುತ್ತಿತ್ತು. ಬೀದಿಯಲ್ಲಿ ನಮಸ್ಕಾರ ಎಂದವನ ಮುಖವನ್ನೂ ದಿಟ್ಟಿಸಿ ನೋಡುವಳು.

ಅತ್ತೆ ಮಾತು ಕಡಿಮೆ ಮಾಡಿದರು. ಕೊನೆಗೊಂದು ದಿನ ಅವಳೇ ಪಕ್ಕದಲ್ಲಿ ಕೂತು ಹೇಳಿದಳು, "ಅದು ಮಾವ ಅಲ್ಲ ಅತ್ತೆ. ಯಾರೋ ಕಳ್ಳ."

"ಗೊತ್ತು ಕಣೇ. ನನ್ನ ಗಂಡನ ದನಿ ನಂಗೆ ಗೊತ್ತಿಲ್ವಾ?"

"ಮತ್ತೆ ಮಾವ ಅಂದ್ರಲ್ಲ?"

"ಯಾರೋ ಮಾತಾಡಿಸ್ತಾರೆ ಅಂದಿದ್ರೆ ನೀನು ಅವತ್ತೇ ಕ್ಯಾಮೆರಾ ತೆಗೆಸಿಬಿಡ್ತಿದ್ದೆ."

ಮರುದಿನದಿಂದ ಅವಳು ಅತ್ತೆಯನ್ನು ಕೈಹಿಡಿದು ಅಂಗಡಿಗೇ ಕರೆತರತೊಡಗಿದಳು. ಈಗ ಅವರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಗುಂಡಿ ಹೊಲಿಯುತ್ತಾರೆ, ಹೆಂಗಸರೊಡನೆ ಹರಟುತ್ತಾರೆ. ಗಂಡಸು ಗಿರಾಕಿ ಬಂದು ಬಾಯಿ ತೆರೆದರೆ ಮಾತ್ರ ಸೂಜಿ ನಿಲ್ಲಿಸಿ ಕಿವಿಗೊಡುತ್ತಾರೆ. ಸೊಸೆಯೂ ಮಿಷನ್ ನಿಲ್ಲಿಸುತ್ತಾಳೆ.