ಕ್ಲಿಫರ್ಡ್ ಸಗ್ಡನ್ ಕತ್ತರಿಸಿದ ಎಂಜಿನ್ನುಗಳು

ಬ್ರಾಕನ್‌ಶಾ ಊರಿನ ಪ್ರಾಥಮಿಕ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಪಾಠ ಹೇಳಿದೆ. ಮಧ್ಯಾಹ್ನ ಮೂರೂವರೆಯ ಗಂಟೆ ಹೊಡೆದಾಗ ಗೇಟಿನ ಬಳಿ ಕಾಯುತ್ತಿದ್ದವರೆಲ್ಲ ತಾಯಂದಿರು. ಅವರ ನಡುವೆ ಚಪ್ಪಟೆ ಟೋಪಿ ತೊಟ್ಟ ಒಬ್ಬರೇ ಗಂಡಸು ನಿಂತಿರುತ್ತಿದ್ದರು. ಅವರೇ ಕ್ಲಿಫರ್ಡ್ ಸಗ್ಡನ್, ನನ್ನ ತರಗತಿಯ ಜೆಮ್ಮಾಳ ಅಜ್ಜ. ಮಗಳು ಮರೀನ್ ಬಿಸ್ಕತ್ತು ಕಾರ್ಖಾನೆಯಿಂದ ಬರುವುದು ಆರು ಗಂಟೆಗೆ. ಅಲ್ಲಿಯವರೆಗೆ ಮೊಮ್ಮಗಳು ಅಜ್ಜನ ಪಾಲು. ಹೆಂಡತಿ ಐವಿ ತೀರಿಕೊಂಡ ಮೇಲೆ ಅವರ ದಿನ ಶುರುವಾಗುತ್ತಿದ್ದುದೇ ಮೂರೂವರೆಗೆ ಎಂದು ಊರಿನವರೆಲ್ಲ ಬಲ್ಲರು.

ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ನಮ್ಮೂರಿನ ರೈಲು ಶೆಡ್ಡಿಗೆ ಎಂಜಿನ್ನು ಒರೆಸುವ ಕೆಲಸಕ್ಕೆ ಸೇರಿದವರು. ಆಮೇಲೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದರು, ಕೊನೆಗೆ ಚಾಲಕರಾದರು. ಉಗಿಬಂಡಿಗಳ ಕಾಲ ಮುಗಿದು ಶೆಡ್ಡಿಗೆ ಬೀಗ ಬಿದ್ದಾಗ ಅವರಿಗೆ ನಲವತ್ತಾರು. ಕಣಿವೆಯ ಕೆಳಗೆ ಒಂದು ಗುಜರಿ ಅಂಗಳವಿತ್ತು. ಮುದಿ ಎಂಜಿನ್ನುಗಳನ್ನು ಅಲ್ಲಿಗೆ ಎಳೆದು ತಂದು ಒಡೆಯುತ್ತಿದ್ದರು. ಎಂಜಿನ್ನಿನ ಒಳಹೊರಗು ಬಲ್ಲವರು ಬೇಕಾಗಿದ್ದರು. ಇವರಿಗೆ ಕೆಲಸ ಬೇಕಾಗಿತ್ತು. ಕಬ್ಬಿಣವನ್ನು ಬೆಂಕಿಯಿಂದ ಕತ್ತರಿಸುವ ಗ್ಯಾಸ್ ಕಟರ್ ಹಿಡಿದು ಅರವತ್ತಮೂರು ಎಂಜಿನ್ನುಗಳನ್ನು ಕತ್ತರಿಸಿದರು. ಅವುಗಳಲ್ಲಿ ಹನ್ನೊಂದು ತಾವೇ ಓಡಿಸಿದ್ದವು. ಇದನ್ನು ಅವರು ಮುಚ್ಚಿಟ್ಟವರಲ್ಲ, ಹೊಗಳಿಕೊಂಡವರೂ ಅಲ್ಲ. ಯಾರಾದರೂ ಕೇಳಿದರೆ ಹೇಳುವರು.

ಸಾವಿರದ ಒಂಬೈನೂರ ಎಂಬತ್ತೈದರ ನವೆಂಬರಿನಲ್ಲಿ ಒಂದು ಮಂಗಳವಾರ ಜೆಮ್ಮಾ ಕೇಳಿದಳು. ಅವರು ಹೇಳಿದರು.

ಮರುದಿನ ಮೂರೂವರೆಗೆ ಮಕ್ಕಳೆಲ್ಲ ಓಡಿಹೋದ ಮೇಲೂ ಜೆಮ್ಮಾ ಕೋಟು ತೂಗುಹಾಕುವ ಗೂಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು. ಆಗ ಅವಳಿಗೆ ಆರು ವರ್ಷ.

"ಯಾಕೆ ಪುಟ್ಟಿ? ಅಜ್ಜ ಕಾಯ್ತಿದ್ದಾರಲ್ಲ?" ಎಂದೆ.

"ನಾನು ಅವರ ಜೊತೆ ಹೋಗಲ್ಲ ಮಿಸ್."

"ಬೈದರಾ?"

"ಇಲ್ಲ. ಅವರು ಮಿಲ್ಲಿಸೆಂಟ್‌ನ ಕತ್ತರಿಸೋರು."

ಮಿಲ್ಲಿಸೆಂಟ್ ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ವರ್ಷ ಮಂಗಳವಾರ ಸಂಜೆ ಟಿವಿಯಲ್ಲಿ ಮಕ್ಕಳಿಗಾಗಿ ಬರುತ್ತಿದ್ದ ಮಾತನಾಡುವ ಎಂಜಿನ್ ಅವಳು. ಪುಟ್ಟದು, ಹಸಿರು ಬಣ್ಣ, ಮುಂದಿನ ಎರಡು ದೀಪಗಳೇ ಕಣ್ಣು. ಬುಧವಾರ ಬೆಳಗ್ಗೆ ನನ್ನ ತರಗತಿಯಲ್ಲಿ ಅವಳದೇ ಮಾತು. ಆ ವಾರದ ಕಂತಿನಲ್ಲಿ ಮಿಲ್ಲಿಸೆಂಟ್‌ಗೆ ವಯಸ್ಸಾಯಿತೆಂದು ಗುಜರಿಗೆ ಕಳುಹಿಸಿದ್ದರು. ಇಬ್ಬರು ಗಂಡಸರು ಬೆಂಕಿಯ ನಳಿಗೆ ಹಿಡಿದು ಬಂದಾಗ ಅವಳು, "ನನ್ನಲ್ಲಿ ಇನ್ನೂ ಕಸುವಿದೆ, ಬಿಟ್ಟುಬಿಡಿ" ಎಂದು ಅತ್ತಿದ್ದಳು. ಕೊನೆಗಳಿಗೆಯಲ್ಲಿ ಬಿಡುಗಡೆಯಾಯಿತು, ನಿಜ. ಆದರೆ ಟಿವಿ ಆರಿಸಿದೊಡನೆ ಜೆಮ್ಮಾ ಅಡುಗೆಮನೆಗೆ ಹೋಗಿ, ಆಲೂಗಡ್ಡೆ ಕರಿಯುತ್ತಿದ್ದ ಅಜ್ಜನನ್ನು, "ಶೆಡ್ಡು ಮುಚ್ಚಿದ ಮೇಲೆ ನೀನೇನು ಮಾಡ್ದೆ?" ಎಂದು ಕೇಳಿದ್ದಳು. ಬೆಳಗ್ಗೆ ಅದನ್ನು ತರಗತಿಯಲ್ಲಿ ಹೇಳಿಯೂ ಬಿಟ್ಟಿದ್ದಳು. ಪಕ್ಕದಲ್ಲಿ ಕೂರುವ ಡ್ಯಾರನ್, "ಹಾಗಾದ್ರೆ ನಿಮ್ಮಜ್ಜನೇ ಕೆಟ್ಟೋನು" ಎಂದು ತೀರ್ಪು ಕೊಟ್ಟಿದ್ದ.

ನಾನು ಗೇಟಿಗೆ ಹೋಗಿ ಸಗ್ಡನ್ ಅವರಿಗೆ ಸಂಗತಿ ತಿಳಿಸಿದೆ. ಅವರು ಟೋಪಿ ತೆಗೆದು ಅದರ ಒಳಗನ್ನು ನೋಡಿದರು, ಮತ್ತೆ ತಲೆಗಿಟ್ಟುಕೊಂಡರು.

"ಯಾವ ಮಿಲ್ಲಿಸೆಂಟು? ಅಂಥ ಹೆಸರಿನ ಎಂಜಿನ್ ನಮ್ಮ ಅಂಗಳಕ್ಕೆ ಬಂದೇ ಇಲ್ವಲ್ಲ, ಮಿಸ್ ಆರ್ಮಿಟೇಜ್."

"ಅದು ಟಿವಿಯದು, ಮಿಸ್ಟರ್ ಸಗ್ಡನ್. ಆಟಿಕೆ."

"ಆಟಿಕೆ ಕತ್ತರಿಸಿದ್ದಕ್ಕೆ ನನ್ನ ಮೇಲೆ ಸಿಟ್ಟಾ? ನಾನು ಕತ್ತರಿಸಿದ್ದು ನಿಜದ್ದನ್ನ."

"ಅದಕ್ಕೇ ಸಿಟ್ಟು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಆ ಸಂಜೆ ಆರರವರೆಗೆ ಜೆಮ್ಮಾಳನ್ನು ನಾನೇ ತರಗತಿಯಲ್ಲಿ ಕೂರಿಸಿಕೊಂಡೆ. ಅವರು ಗೇಟಿನ ಆಚೆಯೇ ಉಳಿದರು. ಮರೀನ್ ಕಾರ್ಖಾನೆಯ ಬಿಳಿ ಟೋಪಿಯಲ್ಲೇ ಓಡಿಬಂದಳು. ಅಪ್ಪ ಮಗಳ ಮಾತು ಗೇಟಿನಲ್ಲೇ ನಡೆಯಿತು.

"ಅಪ್ಪಾ, ಏನು ಹೇಳ್ದೆ ಅವಳಿಗೆ?"

"ಕೇಳಿದ್ಳು, ಹೇಳ್ದೆ."

"ಎಷ್ಟು ಅಂತಾನೂ ಹೇಳ್ಬೇಕಿತ್ತಾ?"

"ಎಷ್ಟು ಅಂತಾನೂ ಕೇಳಿದ್ಳಮ್ಮ."

"ಅಯ್ಯೋ, ಒಂದೋ ಎರಡೋ ಅನ್ನೋಕೆ ಏನಾಗಿತ್ತು ನಿಂಗೆ!" ಮರೀನ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದಂತಿತ್ತು. "ನೋಡಪ್ಪ, ಅವಳು ಬರಲ್ಲ ಅಂದ್ರೆ ಎಳ್ಕೊಂಡು ಹೋಗೋಕಾಗಲ್ಲ. ಈ ವಾರ ಹೇಗೋ ನೋಡ್ಕೋತೀನಿ. ಸೋಮವಾರದಿಂದ ಪಕ್ಕದ್ಮನೆ ಮಿಸೆಸ್ ಪಿಕಲ್ಸ್ ಕರ್ಕೊಂಡು ಹೋಗ್ತಾರೆ."

"ಸೋಮವಾರ ಮಾತ್ರ ತಾನೆ?"

ಮರೀನ್ ಮಗಳನ್ನು ಕರೆತರಲು ಒಳಗೆ ನಡೆದಳು. ಸಗ್ಡನ್ ಅವರು ನನ್ನ ಕಡೆ ತಿರುಗಿದರು. ಅಷ್ಟು ಎತ್ತರದ ಮನುಷ್ಯ ಹಾದಿ ತಪ್ಪಿದವರಂತೆ ಕಾಣುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಪ್ರತಿ ಶುಕ್ರವಾರ ಒಬ್ಬ ಅಜ್ಜನೋ ಅಜ್ಜಿಯೋ ತರಗತಿಗೆ ಬಂದು ತಾವು ಮಾಡಿದ ಕೆಲಸದ ಕುರಿತು ಹೇಳುವ ಪದ್ಧತಿಯನ್ನು ನಾನು ಇಟ್ಟಿದ್ದೆ. ಆ ಶುಕ್ರವಾರ ಸಗ್ಡನ್ ಅವರ ಸರದಿ. ಜೆಮ್ಮಾ ತಿಂಗಳಿಂದ ದಿನ ಎಣಿಸುತ್ತಿದ್ದವಳು ಈಗ, "ಬರೋದು ಬೇಡ ಅನ್ನಿ ಮಿಸ್" ಎನ್ನುತ್ತಿದ್ದಳು.

ಗುರುವಾರ ಅವರು ಶಾಲೆ ಬಿಡುವ ಹೊತ್ತಿಗೆ ಬಂದು, "ಆ ಆಟಿಕೇನ ನಾನು ನೋಡ್ಬೋದಾ?" ಎಂದು ಕೇಳಿದರು. ಡ್ಯಾರನ್‌ನ ಮನೆಯಲ್ಲಿ ವಿಡಿಯೊ ಯಂತ್ರವಿತ್ತು. ಪ್ರತಿ ಕಂತನ್ನೂ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದರು. ಎರಡನ್ನೂ ತರಿಸಿ, ಶಾಲೆಯ ಟಿವಿಯನ್ನು ಗಾಲಿಮೇಜಿನ ಮೇಲೆ ಅಧ್ಯಾಪಕರ ಕೋಣೆಗೆ ತಳ್ಳಿಕೊಂಡು ಬಂದೆ. ಅವರು ಕುರ್ಚಿಯ ತುದಿಯಲ್ಲಿ ಕೂತರು.

ಮಿಲ್ಲಿಸೆಂಟ್ ಹಾಡುತ್ತ ಬಂದಳು.

"ಡ್ರೈವರ್ ಎಲ್ಲಿ?" ಎಂದರು.

"ಅವಳೇ ಓಡ್ತಾಳೆ."

"ಅವಳೇ ಓಡೋದಾದ್ರೆ ನಾನು ಅಷ್ಟು ವರ್ಷ ಏನು ಮಾಡ್ತಿದ್ದೆ?"

ಮಿಲ್ಲಿಸೆಂಟ್ ಒಂದು ಕಣ್ಣು ಮಿಟುಕಿಸಿದಳು. ಸಗ್ಡನ್ ಅವರು ಮುಂದಕ್ಕೆ ಬಾಗಿದರು.

"ಇದು ತಪ್ಪು. ಮುಂದಿನ ದೀಪ ಎಲ್ಲಿದೆ, ಎಷ್ಟಿದೆ ಅಂತ ನೋಡಿಯೇ ಸಿಗ್ನಲ್‌ನೋನು ಇದು ಯಾವ ಗಾಡಿ ಅಂತ ತಿಳ್ಕೊಳ್ಳೋದು. ಇವಳು ಹೀಗೆ ಊರೋರಿಗೆಲ್ಲ ಕಣ್ಣು ಹೊಡ್ಕೊಂಡು ಹೋದ್ರೆ ಅವನ ಗತಿ ಏನು?"

"ಮಕ್ಕಳ ಕಥೆ, ಮಿಸ್ಟರ್ ಸಗ್ಡನ್."

"ಮಕ್ಕಳಿಗೇ ಅಲ್ವಾ ಸರಿಯಾಗಿ ಹೇಳ್ಬೇಕಾದ್ದು?"

ಗುಜರಿಯ ಭಾಗ ಬಂತು. ತೆರೆಯ ಮೇಲೆ ಇಬ್ಬರು ದಪ್ಪ ಮೀಸೆಯ ಗೊಂಬೆ ಗಂಡಸರು ನಗುತ್ತ ಬಂದು ನಳಿಗೆಗೆ ಬೆಂಕಿ ಹಚ್ಚಿದರು. ಮಿಲ್ಲಿಸೆಂಟ್ ಗಟ್ಟಿಯಾಗಿ ಅತ್ತಳು. ಸಗ್ಡನ್ ಅವರು ಎದ್ದೇ ನಿಂತರು.

"ನೋಡಿ ಆ ಕತ್ತೆಗಳ್ನ! ತಟ್ಟಲೇ ಇಲ್ಲ!"

"ಏನು ತಟ್ಟಲಿಲ್ಲ?"

"ಸುತ್ತಿಗೇಲಿ ಮೂರು ಸಲ ತಟ್ಬೇಕು. ಯಾರಾದ್ರೂ ಇದ್ದೀರಾ ಅಂತ ಕೂಗ್ಬೇಕು. ಹತ್ತು ಎಣಿಸ್ಬೇಕು. ಆಮೇಲೇ ಕಡ್ಡಿ ಗೀರೋದು. ತಟ್ಟದೆ ಹಚ್ಚಿದೋನನ್ನ ನಮ್ಮ ಮೇಸ್ತ್ರಿ ಅವತ್ತೇ ಮನೆಗೆ ಕಳಿಸ್ತಿದ್ದ."

ಚಳಿಗಾಲದಲ್ಲಿ ಮನೆಯಿಲ್ಲದವರು ಸತ್ತ ಎಂಜಿನ್ನುಗಳಲ್ಲಿ ಕಲ್ಲಿದ್ದಲು ಉರಿಸುವ ಬೆಂಕಿಗೂಡಿನೊಳಗೆ ತೂರಿಕೊಂಡು ಮಲಗುತ್ತಿದ್ದರಂತೆ. ಮಳೆಯಿಲ್ಲ, ಗಾಳಿಯಿಲ್ಲ. ಊರಿನ ಹುಡುಗರೂ ಒಮ್ಮೊಮ್ಮೆ ಅಡಗಿಕೊಳ್ಳುತ್ತಿದ್ದರು. ಅದಕ್ಕಾಗಿ ಆ ಅಂಗಳದಲ್ಲಿ ಈ ಕಟ್ಟಳೆ. ಅವರು ಇದನ್ನೆಲ್ಲ ವಿವರಿಸುತ್ತಿದ್ದಾಗ ಮಿಲ್ಲಿಸೆಂಟ್‌ಗೆ ಬಿಡುಗಡೆಯಾಗಿ ಹಾಡು ಮತ್ತೆ ಶುರುವಾಗಿತ್ತು. ಅವರು ಅದನ್ನು ಗಮನಿಸಲಿಲ್ಲ.

"ಅವಳು ಕೂಗ್ತಾ ಇದಾಳೆ, ಅವರಿಗೆ ಕೇಳಿಸ್ತಾನೂ ಇದೆ. ಆದ್ರೂ ಹಚ್ತಾರೆ," ಎಂದರು. ಕುರ್ಚಿಗೆ ಮರಳಿ ಕೂತು, "ಜೆಮ್ಮಾ ನನ್ನನ್ನ ಇವರ ಥರ ಅಂದ್ಕೊಂಡ್ಳಾ?" ಎಂದು ಕೇಳಿದರು.

"ಮಗು ಅಲ್ವಾ," ಎಂದೆ.

"ನಾಳೆ ಬರ್ತೀನಿ. ಅವಳು ಬೇಡ ಅಂದ್ರೂ ಬರ್ತೀನಿ. ಮೂಲೇಲಿ ಕೂತ್ಕೊಂಡು ಕೇಳಲಿ."

ಶುಕ್ರವಾರ ಅವರು ಟೈ ಕಟ್ಟಿಕೊಂಡು ಬಂದರು. ಇಪ್ಪತ್ತೇಳು ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಜೆಮ್ಮಾ ಎಲ್ಲರಿಗಿಂತ ಹಿಂದೆ ಪುಸ್ತಕದ ಕಪಾಟಿಗೆ ಒರಗಿ, ಬೆನ್ನು ನಮ್ಮ ಕಡೆ ಮಾಡಿದ್ದಳು. ಸಗ್ಡನ್ ಅವರಿಗೆ ಭಾಷಣ ಬಾರದು. ಶೆಡ್ಡು, ಕಲ್ಲಿದ್ದಲು, ಸಲಿಕೆಯ ಮೇಲೆ ಹಂದಿಮಾಂಸ ಹುರಿದು ತಿನ್ನುತ್ತಿದ್ದದ್ದು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಮುಗಿಸಿ, ಗುಜರಿ ಅಂಗಳಕ್ಕೆ ಬಂದುಬಿಟ್ಟರು. ತಟ್ಟುವುದನ್ನು ಹೇಳಿದರು. ನನ್ನ ಮೇಜಿನ ಮೇಲೆ ಗೆಣ್ಣಿನಿಂದ ಮೂರು ಸಲ ತಟ್ಟಿ ತೋರಿಸಿದರು.

ಡ್ಯಾರನ್ ಕೈ ಎತ್ತಿದ. "ಅವು ಮಾತಾಡಿದ್ವಾ?"

"ಒಂದು ಮಾತಾಡ್ತು."

ಕಪಾಟಿನ ಕಡೆಯಿಂದ ಜೆಮ್ಮಾಳ ತಲೆ ಅರ್ಧ ತಿರುಗಿತು.

"ಏನಂತು?"

"'ತಡಿಯಪ್ಪಾ ಮಾರಾಯ, ಬೂಟು ಹಾಕ್ಕೋತಾ ಇದೀನಿ' ಅಂತು."

ಮಕ್ಕಳು ಬಿದ್ದು ಬಿದ್ದು ನಕ್ಕರು. "ಎಂಜಿನ್ನಿಗೆ ಬೂಟಾ!" ಎಂದು ಒಬ್ಬಳು ಕಿರುಚಿದಳು. ಬೆಂಕಿಗೂಡಿನ ಬಾಗಿಲಿನಿಂದ ಒಬ್ಬ ಅಲೆಮಾರಿ ಮುದುಕ ಮಸಿ ಬಳಿದುಕೊಂಡು ಹೊರಗೆ ಬಂದದ್ದು, ಅವನಿಗೆ ಚಹಾ ಕೊಟ್ಟದ್ದು, ಅವನು ಸಕ್ಕರೆ ಸಾಲದೆಂದು ಜಗಳವಾಡಿದ್ದು, ಇವನ್ನು ಅವರು ಹೇಳಿದರು. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು ಎಂದು ನಾನು ಒಳಗೊಳಗೇ ಅಂದುಕೊಂಡೆ.

ಜೆಮ್ಮಾ ಎದ್ದು ನಿಂತಳು.

"ಮುದುಕ ಆಚೆ ಬಂದ್ಮೇಲೆ ಎಂಜಿನ್ನ ಏನು ಮಾಡ್ದೆ ಅಜ್ಜಾ?"

"ಕತ್ತರಿಸ್ದೆ."

"ಯಾವಾಗ?"

"ಊಟ ಆದ್ಮೇಲೆ."

ಯಾರೂ ನಗಲಿಲ್ಲ.

"ಬೇರೆಯವನ್ನೆಲ್ಲ ತಟ್ದಾಗ ಏನಂದ್ವು?"

ನಾನು ಅವರ ಮುಖ ನೋಡಿದೆ. 'ಹೋಗ್ಬರ್ತೀವಿ ಅಂದ್ವು' ಎಂದರೆ ಸಾಕಿತ್ತು. ಅರವತ್ತು ವರ್ಷ ದಾಟಿದ ಯಾವ ಅಜ್ಜನಾದರೂ ಅಷ್ಟು ಕಟ್ಟಿ ಹೇಳುತ್ತಿದ್ದ. ಅವರು ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು.

"ಏನೂ ಅನ್ಲಿಲ್ಲ ಕಂದಾ. ಕಿವಿಗೊಟ್ಟು ಕೇಳ್ತಿದ್ದೆ. ಹತ್ತು ಎಣಿಸ್ತಿದ್ದೆ. ನಾನು ಓಡಿಸಿದ್ದವು ಬಂದಾಗ ಇಪ್ಪತ್ತು ಎಣಿಸ್ತಿದ್ದೆ. ಯಾಕೆ ಅಂತ ಗೊತ್ತಿಲ್ಲ."

"ಹೆದರ್ಕೊಂಡು ಸುಮ್ನಿದ್ದಿರ್ಬೋದು."

"ಇರ್ಬೋದು."

"ಮಾತಾಡಿದ್ರೆ ಬಿಡ್ತಿದ್ದೆಯಾ?"

ಅವರು ಟೋಪಿಯನ್ನು ಮೇಜಿನ ಮೇಲಿಟ್ಟರು. ಹೊರಗೆ ಆಟದ ಮೈದಾನದಲ್ಲಿ ಯಾವುದೋ ತರಗತಿಯವರ ಸೀಟಿ ಕೇಳಿಸುತ್ತಿತ್ತು.

"ಮೇಸ್ತ್ರಿ ಹತ್ರ ಹೋಗಿ, ಇದು ಮಾತಾಡ್ತು, ನನ್ನ ಕೈಲಾಗಲ್ಲ ಅಂತಿದ್ದೆ. ಅವನು, ಸಗ್ಡನ್, ಮನೆಗೆ ಹೋಗಿ ಮಲಕ್ಕೋ ಅಂತಿದ್ದ. ಆಮೇಲೆ..." ಅವರು ತಡವರಿಸಿದರು. "ಆಮೇಲೆ ಏನು ಮಾಡ್ತಿದ್ದೆ ಅಂತ ನಂಗೇ ತಿಳೀತಿಲ್ಲ, ಪುಟ್ಟಿ. ನಿಮ್ಮಮ್ಮ ಆಗ ಇನ್ನೂ ಶಾಲೆಗೆ ಹೋಗ್ತಿದ್ಳು. ನಿಜವಾಗ್ಲೂ ತಿಳೀತಿಲ್ಲ."

ಜೆಮ್ಮಾ ಕೂತಳು. ಬೆನ್ನು ತಿರುಗಿಸಲಿಲ್ಲ, ಅವರ ಕಡೆ ನೋಡಲೂ ಇಲ್ಲ. ನಾನು ಎಲ್ಲರಿಂದ ಚಪ್ಪಾಳೆ ತಟ್ಟಿಸಿದೆ.

ಮೂರೂವರೆಗೆ ಸಗ್ಡನ್ ಅವರು ಗೇಟಿನ ಬಳಿ ನಿಂತಿದ್ದರು. ಅಭ್ಯಾಸಬಲ ಇರಬೇಕು, ಅಥವಾ ಇನ್ನೆಲ್ಲಿ ನಿಲ್ಲಬೇಕೆಂದು ತಿಳಿಯದೆ ಇರಬೇಕು. ಮಿಸೆಸ್ ಪಿಕಲ್ಸ್ ಕೂಡ ಬಂದಿದ್ದರು. ಸೋಮವಾರದಿಂದ ತಾನೇ ಬರಬೇಕಾದವಳು, ಮಗು ಎಲ್ಲಿಂದ ಹೊರಗೆ ಬರುತ್ತದೆಂದು ನೋಡಿಕೊಂಡು ಹೋಗಲು ಬಂದೆ ಎಂದರು. ಇಬ್ಬರೂ ಹವೆಯ ಮಾತಾಡುತ್ತಿದ್ದರು.

ಜೆಮ್ಮಾ ಕೋಟಿನ ಗುಂಡಿ ಹಾಕಿಕೊಂಡು ನಿಧಾನವಾಗಿ ಬಂದಳು. ಮಿಸೆಸ್ ಪಿಕಲ್ಸ್, "ಬಾಮ್ಮ ಚಿನ್ನ" ಎಂದು ಕೈ ಚಾಚಿದರು. ಜೆಮ್ಮಾ ಇಬ್ಬರನ್ನೂ ನೋಡಿದಳು. ಆಮೇಲೆ ಶಾಲೆಯ ಚೀಲವನ್ನು ಭುಜದಿಂದ ಇಳಿಸಿ ಅಜ್ಜನಿಗೆ ಕೊಟ್ಟಳು. ಕೈ ಕೊಡಲಿಲ್ಲ, ಚೀಲ ಮಾತ್ರ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಇಪ್ಪತ್ತು ಎಣಿಸಿದ್ದು ಯಾವ್ಯಾವ್ದಕ್ಕೆ? ಎಲ್ಲಾ ಹೇಳ್ಬೇಕು," ಎಂದಳು, ಮುಂದೆ ಮುಂದೆ ನಡೆಯುತ್ತ.

"ಮೊದಲ್ನೇದು ನಲವತ್ತೆರಡನೇ ನಂಬರಿಂದು. ಮಹಾ ಮುಂಗೋಪಿ. ಮಳೆ ಬಂದ್ರೆ ಹೊರಡ್ತಾನೇ ಇರ್ಲಿಲ್ಲ. ಮುಖ ಊದಿಸ್ಕೊಂಡು ನಿಂತ್ಬಿಡ್ತಿತ್ತು. ಬೈದ್ರೆ ಇನ್ನೂ ಹಟ. ಒಳ್ಳೆ ಮಾತಾಡಿದ್ರೆ ಮಾತ್ರ..."

"ನೀನು ಅದರ ಜೊತೆ ಮಾತಾಡ್ತಿದ್ದೆಯಾ?"

"ದಿನಾ ಮಾತಾಡ್ತಿದ್ನಲ್ಲ," ಎಂದ ಸಗ್ಡನ್ ಅವರು ಅಲ್ಲೇ ನಿಂತರು. ನಾನು ಗೇಟು ಹಾಕುತ್ತಿದ್ದೆ. ಅವರು ಚೀಲ ಹಿಡಿದುಕೊಂಡೇ ತಿರುಗಿ ನನ್ನ ಕಡೆ ನೋಡಿದರು, ಮಾತಾಡಿಸಿದ್ದನ್ನೇ ಕತ್ತರಿಸಿದ್ದು ಹೇಗೆಂದು ನಾನೇನಾದರೂ ಬಿಡಿಸಿ ಹೇಳಬಲ್ಲೆನೇನೋ ಎಂಬಂತೆ. ಜೆಮ್ಮಾ ರಸ್ತೆಯ ತಿರುವಿನಲ್ಲಿ ನಿಂತು, "ಬೇಗ ಬಾ ಅಜ್ಜಾ, ಚಳಿ" ಎಂದು ಕೂಗಿದಳು. ಅವರು ಹೋದರು.